ಒಂಬತ್ತು ಬುಟ್ಟಿಗಳ ಪರವಾಗಿ

ಎಲ್ಲರಿಗೂ ಒಪ್ಪಿಗೆಯಾಗುವ ರಾಜಿಗಳ ಬಗ್ಗೆ ನನಗೆ ಮೊದಲಿನಿಂದಲೂ ಗುಮಾನಿ. ಜಗಳವಾಡುತ್ತಿದ್ದ ಎರಡೂ ಕಡೆಯವರು ಇದ್ದಕ್ಕಿದ್ದಂತೆ ನಗುತ್ತಾ ಕೈಕುಲುಕಿದರೆ, ಸಭೆಗೆ ಬಾರದ ಮೂರನೆಯವರು ಏನನ್ನೋ ಕಳೆದುಕೊಂಡಿದ್ದಾರೆ ಎಂದೇ ಲೆಕ್ಕ. ನಾವಿರುವ ಊರಿನ ಪಾರ್ಕಿನ ವಿಷಯದಲ್ಲಿ ಈಗ ಅಂಥದ್ದೊಂದು ರಾಜಿ ಹಣ್ಣಾಗುತ್ತಿದೆ. ಅದು ಉದುರುವ ಮೊದಲೇ ನನ್ನ ತಕರಾರನ್ನು ಬರೆದಿಡುತ್ತಿದ್ದೇನೆ.

ಊರು ಅಂದರೆ ಶಿಕಾಗೊದ ಪಶ್ಚಿಮಕ್ಕಿರುವ ಉಪನಗರಗಳಲ್ಲಿ ಒಂದು. ಪಾರ್ಕು ದೊಡ್ಡದೇನಲ್ಲ. ಒಂದು ಕೊಳ, ಅದರ ಸುತ್ತ ಡಾಂಬರಿನ ಕಾಲುದಾರಿ, ಮಕ್ಕಳಿಗೆ ಉಯ್ಯಾಲೆ, ಜಾರುಬಂಡೆ, ಒಂದು ಬೇಸ್‌ಬಾಲ್ ಮೈದಾನ, ನಾಲ್ಕಾರು ಪಿಕ್‌ನಿಕ್ ಮೇಜುಗಳು. ಇವುಗಳ ನಡುನಡುವೆ, ಓಕ್ ಮತ್ತು ಮೇಪಲ್ ಮರಗಳ ಸಂದಿಯಲ್ಲಿ, ಒಂಬತ್ತು ಕಬ್ಬಿಣದ ಬುಟ್ಟಿಗಳು. ಅದೇ ನಮ್ಮ ಡಿಸ್ಕ್ ಗಾಲ್ಫ್ ಅಂಗಳ. ಅಂಗಳ ಅನ್ನುವುದೂ ಹೆಚ್ಚೇ. ಅದಕ್ಕೆ ಬೇಲಿಯಿಲ್ಲ, ಬಾಗಿಲಿಲ್ಲ, ಟಿಕೆಟ್ಟಿಲ್ಲ. ಪಾರ್ಕಿನ ಜಾಗವನ್ನೇ ಗಳಿಗೆ ಹೊತ್ತು ಕಡ ಪಡೆದು, ಎಸೆದು, ವಾಪಸು ಕೊಟ್ಟು ಹೋಗುವ ಆಟ ಅದು.

ಈ ಆಟ ನೋಡದವರಿಗೆ ಎರಡು ಮಾತು. ಗಾಲ್ಫಿನ ಲೆಕ್ಕವೇ, ಆದರೆ ಕೋಲೂ ಇಲ್ಲ, ಚೆಂಡೂ ಇಲ್ಲ. ಕೈಯಲ್ಲಿ ಒಂದು ಪ್ಲಾಸ್ಟಿಕ್ ತಟ್ಟೆ. ಗೊತ್ತುಮಾಡಿದ ಜಾಗದಲ್ಲಿ ನಿಂತು ಬುಟ್ಟಿಯತ್ತ ಎಸೆಯಬೇಕು. ಅದು ಬಿದ್ದಲ್ಲಿಗೆ ನಡೆದುಹೋಗಿ, ಅಲ್ಲಿಂದ ಮತ್ತೆ ಎಸೆಯಬೇಕು. ಬುಟ್ಟಿಯ ಮೇಲೆ ಇಳಿಬಿಟ್ಟ ಸರಪಳಿಗಳಿಗೆ ತಟ್ಟೆ ಬಡಿದರೆ ಝಲ್ಲೆಂದು ಸದ್ದಾಗಿ ಕೆಳಗೆ ಬುಟ್ಟಿಯೊಳಕ್ಕೆ ಬೀಳುತ್ತದೆ. ಕಡಿಮೆ ಎಸೆತಗಳಲ್ಲಿ ಒಂಬತ್ತೂ ಬುಟ್ಟಿ ಮುಗಿಸಿದವರು ಗೆದ್ದಂತೆ. ಒಂದು ತಟ್ಟೆಗೆ ಹತ್ತು ಹದಿನೈದು ಡಾಲರ್. ಅದೊಂದಿದ್ದರೆ ಸಾಕು, ಆಟ ಶುರು.

ಈ ಆಟಕ್ಕೆ ಇಂದಿನ ರೂಪ ಕೊಟ್ಟವರು ಎಡ್ ಹೆಡ್ರಿಕ್. ಫ್ರಿಸ್ಬಿ ತಯಾರಿಸುತ್ತಿದ್ದ ವ್ಯಾಮ್-ಓ ಕಂಪನಿಯಲ್ಲಿದ್ದವರು. ತಟ್ಟೆ ಗಾಳಿಯಲ್ಲಿ ನೆಟ್ಟಗೆ ಹಾರುವಂತೆ ತಿದ್ದಿದ ಪೇಟೆಂಟ್ ಅವರದ್ದೇ. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಮೊದಲ ಕಾಯಂ ಅಂಗಳ ಮಾಡಿದರು. ಸರಪಳಿಯ ಬುಟ್ಟಿಯೂ ಅವರ ಕಲ್ಪನೆಯೇ. 1976ರಲ್ಲಿ ಆಟಗಾರರ ಸಂಘ ಪಿಡಿಜಿಎ ಕಟ್ಟಿದರು. 2002ರಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್‌ಗೆ ಬೆರೆಸಿ ತಟ್ಟೆಗಳನ್ನು ಎರಕ ಹೊಯ್ದರು. ನನಗೆ ಇವೆಲ್ಲಕ್ಕಿಂತ ಮುಖ್ಯವಾಗಿ ಕಾಣುವುದು, ಆ ಮೊದಲ ಅಂಗಳ ಹುಟ್ಟಿದ್ದು ಖಾಸಗಿ ಕ್ಲಬ್ಬಿನಲ್ಲಲ್ಲ, ಸಾರ್ವಜನಿಕ ಪಾರ್ಕಿನಲ್ಲಿ ಎಂಬುದು. ಹದಿನೆಂಟು ಕುಳಿಯ ಗಾಲ್ಫ್ ಮೈದಾನಕ್ಕೆ ಸಾಮಾನ್ಯವಾಗಿ 100 ಎಕರೆಗೂ ಹೆಚ್ಚು ಜಾಗ ಬೇಕು. ಆ ನೂರು ಎಕರೆಯೊಳಗೆ ಗಾಲ್ಫ್ ಆಡದವನಿಗೆ ಕೆಲಸವಿಲ್ಲ. ಡಿಸ್ಕ್ ಗಾಲ್ಫ್ ಇನ್ನೊಬ್ಬರಿಗಾಗಿ ಮಾಡಿದ ಜಾಗದಲ್ಲಿ ಮರಗಳ ಸಂದಿ ಹುಡುಕಿಕೊಂಡಿತು.

ಈಗ ಜಗಳಕ್ಕೆ ಬರೋಣ.

ಒಂದು ಕಡೆ ವಾಕಿಂಗ್‌ನವರು. ತಟ್ಟೆಗಳು ತಲೆಗೆ ಬಡಿಯುತ್ತವೆ, ಮಕ್ಕಳನ್ನು ಕರೆದುಕೊಂಡು ಬರಲು ಭಯ, ಬುಟ್ಟಿಗಳನ್ನು ಕೀಳಿಸಿ ಎಂದು ಅವರು ಸಹಿ ಸಂಗ್ರಹಿಸಿದ್ದಾರೆ. ಇನ್ನೊಂದು ಕಡೆ ಆಟದಲ್ಲಿ ಪಳಗಿದವರ ಕ್ಲಬ್ಬು. ಅವರಿಗೆ ಈ ಒಂಬತ್ತು ಬುಟ್ಟಿ ಚಿಕ್ಕದಾಯಿತು, ದೂರ ಸಾಲದು, ಮಾತೆತ್ತಿದರೆ ಯಾರೋ ಅಡ್ಡ ಬರುತ್ತಾರೆ. ಇಲಿನಾಯ್ ರಾಜ್ಯದಲ್ಲಿ ಪಾರ್ಕ್ ಡಿಸ್ಟ್ರಿಕ್ಟ್ ಎಂಬುದು ನಗರಸಭೆಗಿಂತ ಬೇರೆಯದೇ ಆದ ಚುನಾಯಿತ ಸಂಸ್ಥೆ. ನಮ್ಮ ಮನೆ ತೆರಿಗೆಯಲ್ಲಿ ಅದಕ್ಕೆಂದೇ ಒಂದು ಪಾಲಿರುತ್ತದೆ. ಅದರ ಕಮಿಷನರುಗಳ ಮುಂದೆ ಈಗ ಬಂದಿರುವ ರಾಜಿ ಇದು: ಇಲ್ಲಿನ ಒಂಬತ್ತು ಬುಟ್ಟಿ ತೆಗೆದುಬಿಡುವುದು, ಊರಾಚೆ, ಕಾರಿನಲ್ಲಿ ಇಪ್ಪತ್ತು ನಿಮಿಷ ದೂರದಲ್ಲಿ, ಹದಿನೆಂಟು ಬುಟ್ಟಿಯ ದೊಡ್ಡ ಅಂಗಳ ಮಾಡುವುದು. ವಾಕಿಂಗ್‌ನವರಿಗೆ ನೆಮ್ಮದಿ, ಕ್ಲಬ್ಬಿನವರಿಗೆ ಹಬ್ಬ. ಯಾರಿಗೆ ನಷ್ಟ ಹೇಳಿ?

ಹೇಳುತ್ತೇನೆ. ಸಂಜೆ ಆರರ ನಂತರ ಒಮ್ಮೆ ಪಾರ್ಕಿಗೆ ಬಂದು ಯಾರು ಆಡುತ್ತಿದ್ದಾರೆ ನೋಡಿ. ಹನ್ನೆರಡು ಹದಿಮೂರು ವರ್ಷದ ಹುಡುಗ ಹುಡುಗಿಯರು, ಸೈಕಲ್ಲಿನಲ್ಲಿ ಬಂದವರು. ಕಾರು ಓಡಿಸಲು ಅವರಿಗೆ ಇನ್ನೂ ಮೂರು ನಾಲ್ಕು ವರ್ಷ ಬೇಕು. ಕೆಲಸ ಮುಗಿಸಿ ಯೂನಿಫಾರಂ ಬಿಚ್ಚದೆಯೇ ಬರುವ ಗೋದಾಮಿನ ನೌಕರರು, ಅರ್ಧ ಗಂಟೆ ಬಿಡುವಿನವರು. ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಎರಡೇ ತಟ್ಟೆ ಹಿಡಿದು ಬರುವ ಅಪ್ಪಂದಿರು. ಇವರಲ್ಲಿ ಯಾರೂ ಸಭೆಗೆ ಬಂದಿರಲಿಲ್ಲ. ಬರುವ ಪೈಕಿಯೂ ಅಲ್ಲ. ಇಪ್ಪತ್ತು ನಿಮಿಷದ ದಾರಿಯಾಚೆಗಿನ ಹದಿನೆಂಟು ಬುಟ್ಟಿ ಅವರ ಮಟ್ಟಿಗೆ ಸೊನ್ನೆ ಬುಟ್ಟಿ. ಊರಲ್ಲಿದ್ದ ಸರ್ಕಾರಿ ಶಾಲೆ ಮುಚ್ಚಿ ತಾಲ್ಲೂಕಿನಲ್ಲಿ ಮಾದರಿ ಶಾಲೆ ತೆರೆದಿದ್ದೇವೆ ಅನ್ನುವ ಲೆಕ್ಕ ನಮಗೆ ಹೊಸದೇನಲ್ಲವಲ್ಲ.

ಇದು ಮೊದಲ ತಕರಾರು. ಎರಡನೆಯದು ಇದಕ್ಕಿಂತ ದೊಡ್ಡದು.

ಈ ಜಗಳದ ಎರಡೂ ಕಡೆಯವರು ಕೇಳುತ್ತಿರುವುದು ಒಂದನ್ನೇ. ತಮ್ಮ ಕಣ್ಣಿಗೆ ಇನ್ನೊಬ್ಬ ಬೀಳಬಾರದು. ನಡೆಯುವವನಿಗೆ ತಲೆ ಎತ್ತಿ ನೋಡುವ ಅಗತ್ಯವಿರಬಾರದು, ಎಸೆಯುವವನಿಗೆ ಕಾಯುವ ಅಗತ್ಯವಿರಬಾರದು. ಹಾಗಾದರೆ ಪಾರ್ಕು ಯಾತಕ್ಕೆ? ಒಬ್ಬನೇ ನಡೆಯಲು ಮನೆಯಲ್ಲಿ ಟ್ರೆಡ್‌ಮಿಲ್ ಇದೆ. ಒಬ್ಬನೇ ಎಸೆಯಲು ಹಿತ್ತಿಲಿದೆ. ಪಾರ್ಕು ಬೇಕಾಗುವುದು ಬೇರೆಯವರ ಜೊತೆ ಇರಲು. ನಾವು ಆರಿಸಿಕೊಳ್ಳದ ಬೇರೆಯವರ ಜೊತೆ.

ಡಿಸ್ಕ್ ಗಾಲ್ಫ್ ಈ ಪಾಠವನ್ನು ಬಲವಂತವಾಗಿ ಕಲಿಸುತ್ತದೆ. ಪಾರ್ಕಿನಲ್ಲಿ ಹಾದುಹೋಗುವವರಿಗೇ ಮೊದಲ ಹಕ್ಕು ಎಂದು ನಮ್ಮ ಮೊದಲ ಬುಟ್ಟಿಯ ಪಕ್ಕದ ಫಲಕದಲ್ಲಿ ಬರೆದಿದೆ. ಎಸೆತದಿಂದ ಯಾರಿಗೂ ಪೆಟ್ಟಾಗದು ಎಂಬುದು ಖಾತ್ರಿಯಾಗುವವರೆಗೆ ಎಸೆಯುವಂತಿಲ್ಲ ಎಂಬುದು ಪಿಡಿಜಿಎ ನಿಯಮವೂ ಹೌದು. ಹಾಗಾಗಿ ಆಡುವವನು ಎಸೆಯುವ ಮೊದಲು ಸುತ್ತ ನೋಡಲೇಬೇಕು. ಯಾರೋ ನಾಯಿ ಹಿಡಿದು ಬರುತ್ತಿದ್ದರೆ ತಟ್ಟೆ ಇಳಿಸಿ ನಿಲ್ಲಬೇಕು. ಕೈಯೆತ್ತಿ 'ಹೋಗಿ' ಅನ್ನಬೇಕು. ಅವರು ಒಂದು ಮುಗುಳ್ನಗೆ ಕೊಟ್ಟು ದಾಟುತ್ತಾರೆ, ಇಲ್ಲವೇ 'ಎಸೆಯಿರಿ, ನೋಡೋಣ' ಎಂದು ನಿಂತುಬಿಡುತ್ತಾರೆ. ಇವತ್ತು ಈ ಊರಿನಲ್ಲಿ ಪರಿಚಯವಿಲ್ಲದ ಇಬ್ಬರು ಒಬ್ಬರಿಗೊಬ್ಬರು ಕೈಯೆತ್ತುವ ಜಾಗ ಇನ್ನೆಲ್ಲಿದೆ? ಗ್ಯಾರೇಜಿನಿಂದ ಗ್ಯಾರೇಜಿಗೆ ಕಾರಿನಲ್ಲಿ ಬದುಕು ಮುಗಿಯುತ್ತದೆ.

ಹೋದ ಬೇಸಿಗೆಯಲ್ಲಿ ಮೈಸೂರಿನಿಂದ ಬಂದಿದ್ದ ಹಿರಿಯರೊಬ್ಬರು, ಮಗಳ ಮನೆಗೆ ಆರು ತಿಂಗಳಿಗೆ ಬಂದವರು, ನಾಲ್ಕನೇ ಬುಟ್ಟಿಯ ಹತ್ತಿರ ದಿನಾ ಸಿಗುತ್ತಿದ್ದರು. ನಾನು ಎಸೆಯಲು ನಿಂತರೆ ಅವರು ನಿಲ್ಲುವರು. ಅವರು ನಿಂತರೆಂದು ನಾನು ನಿಲ್ಲುವೆ. "ನೀವು ಎಸೀರಿ, ನನಗೇನು ಅರ್ಜೆಂಟಿಲ್ಲ" ಅಂತ ಅವರು. "ಇಲ್ಲ ಸಾರ್, ನೀವು ದಾಟಿ" ಅಂತ ನಾನು. ಮದುವೆ ಮನೆಯ ಪಂಕ್ತಿಯಲ್ಲಿ 'ನೀವು ಕೂತ್ಕೊಳ್ಳಿ, ನೀವು ಕೂತ್ಕೊಳ್ಳಿ' ಅಂದಂತೆ. ಒಂದು ದಿನ ಕೇಳಿಯೇಬಿಟ್ಟರು: "ಅಲ್ರೀ, ಈ ತಟ್ಟೆ ಎಸೆಯೋದರಲ್ಲಿ ಏನಿದೆ?" ಕೈಗೆ ಒಂದು ಕೊಟ್ಟೆ. ಎಸೆದರು. ಹದಿನೈದು ಅಡಿ ಹೋಗಿ ಎಡಕ್ಕೆ ಹೊರಳಿ ಪೊದೆ ಸೇರಿತು. "ಇದರಲ್ಲೂ ಸೋಲೋದೇ!" ಎಂದು ನಕ್ಕವರು, ಮರುದಿನದಿಂದ ನನ್ನ ತಟ್ಟೆ ಎಲ್ಲಿ ಬಿತ್ತೆಂದು ದೂರದಿಂದಲೇ ಕೈತೋರಿಸಿ ಹೇಳುವ ಕೆಲಸ ವಹಿಸಿಕೊಂಡರು. ಅವರೂರಿನ ಸುದ್ದಿಯೆಲ್ಲ ನನಗೆ ತಿಳಿದದ್ದು ಹಾಗೆ. ಪಾರ್ಕನ್ನು ಅವರ ಪಾಲು, ನನ್ನ ಪಾಲು ಎಂದು ಗೆರೆ ಎಳೆದು ಹಂಚಿದ್ದರೆ ಇದು ನಡೆಯುತ್ತಿರಲಿಲ್ಲ.

ಹೇಳಲು ಸಂಕಟವಾದರೂ ಹೇಳಬೇಕಾದ ಮಾತು ಮುಂದಿನದು. ಬುಟ್ಟಿ ಕೀಳಿಸುವ ಅರ್ಜಿ ನನಗೆ ಮೊದಲು ಬಂದದ್ದು ನಮ್ಮವರದೇ ವಾಟ್ಸಾಪ್ ಗುಂಪಿನಲ್ಲಿ. 'ನಮ್ಮ ತಂದೆತಾಯಿ ವಾಕ್ ಮಾಡುವ ಜಾಗ, ದಯವಿಟ್ಟು ಸಹಿ ಹಾಕಿ' ಎಂದಿತ್ತು. ಬೆಳಗಾಗುವುದರೊಳಗೆ ಹೆಬ್ಬೆರಳುಗಳ ಸಾಲು. ಸ್ವಾಮಿ, ಇದೇ ಗುಂಪಿನ ಅರ್ಧ ಜನ ಭಾನುವಾರ ಬೆಳಗ್ಗೆ ಇದೇ ಪಾರ್ಕಿನ ಬೇಸ್‌ಬಾಲ್ ಮೈದಾನದಲ್ಲಿ ಟೆನಿಸ್ ಚೆಂಡಿನ ಕ್ರಿಕೆಟ್ ಆಡುತ್ತಾರೆ. ಕೆಲವು ವರ್ಷಗಳ ಹಿಂದೆ ಆ ಕ್ರಿಕೆಟ್ಟಿನ ವಿರುದ್ಧವೂ ಒಂದು ಅರ್ಜಿ ಎದ್ದಿತ್ತು. ಗಲಾಟೆ ಮಾಡುತ್ತಾರೆ, ಮಕ್ಕಳಿರುವ ಕಡೆ ಚೆಂಡು ಬರುತ್ತದೆ, ಇದು ಆ ಆಟದ ಜಾಗವಲ್ಲ, ಬೇರೆಲ್ಲಾದರೂ ಜಾಗ ಕೊಡಿ. ಒಂದಕ್ಷರ ಬದಲಿಲ್ಲದೆ ಅದೇ ವಾದ. ಆಗ ನಮಗೆ ಎಷ್ಟು ಉರಿದಿತ್ತು! 'ನಾವೂ ತೆರಿಗೆ ಕಟ್ಟುವವರೇ' ಎಂದು ಸಭೆಗೆ ಹೋಗಿ ಮಾತಾಡಿ ಬಂದೆವು. ಆಟ ಉಳಿಯಿತು. ನಮ್ಮ ಆಟಕ್ಕೆ ಬಾಗಿಲು ತೆರೆದ ಮಾತು ಇನ್ನೊಬ್ಬರ ಆಟಕ್ಕೂ ತೆರೆಯಬೇಕು. ಒಳಗೆ ಬಂದ ಮೇಲೆ ಅಗುಳಿ ಹಾಕಿಕೊಳ್ಳುವುದು ಸರಿಯಲ್ಲ.

ಅದಿರಲಿ, ಹಂಚಿಕೊಂಡು ಆಡುವುದನ್ನು ನಮಗೆ ಯಾರಾದರೂ ಕಲಿಸಬೇಕಿತ್ತೇ? ಗಲ್ಲಿ ಕ್ರಿಕೆಟ್ ನೆನಪಿಸಿಕೊಳ್ಳಿ. ಕಾಂಪೌಂಡ್ ದಾಟಿದರೆ ಔಟ್. ಕಿಟಕಿ ಗಾಜು ಇರುವ ಕಡೆ ಜೋರಾಗಿ ಹೊಡೆಯುವಂತಿಲ್ಲ. ಒಂದು ಪುಟ ಬಿದ್ದ ಚೆಂಡನ್ನು ಒಂದೇ ಕೈಯಲ್ಲಿ ಹಿಡಿದರೂ ಔಟ್. ಹಾಲಿನವರ ಸೈಕಲ್ ಬಂದರೆ ಬೌಲರ್ ಓಡುವುದನ್ನು ಅರ್ಧಕ್ಕೆ ನಿಲ್ಲಿಸಬೇಕು. 'ಅಜ್ಜಿ ಬರ್ತಿದಾರೆ, ಇರ್ರೋ' ಎಂದು ಯಾರೋ ಕೂಗಿದರೆ ಇಡೀ ಆಟವೇ ಸ್ತಬ್ಧ. ಈ ನಿಯಮಗಳನ್ನು ಲಾರ್ಡ್ಸ್‌ನಲ್ಲಿ ಕೂತು ಯಾರೂ ಬರೆಯಲಿಲ್ಲ. ರಸ್ತೆ ನಮ್ಮದೊಬ್ಬರದೇ ಅಲ್ಲ ಎಂಬ ತಿಳಿವಳಿಕೆಯೇ ಅವನ್ನು ಬರೆಯಿತು. ಡಿಸ್ಕ್ ಗಾಲ್ಫಿನಲ್ಲೂ ಅದೇ. ಕಾಲುದಾರಿಯಾಚೆ ಬಿದ್ದರೆ ದಂಡದ ಎಸೆತ, ಈ ಮರದ ಬಲಕ್ಕೇ ಎಸೆಯಬೇಕು ಎಂಬ ಕಟ್ಟಳೆ. ಪಾರ್ಕಿನ ನಕ್ಷೆಯೇ ಅಲ್ಲಿ ಆಟದ ನಿಯಮವಾಗಿದೆ.

ಹಂಚಿ ಬೇರೆ ಮಾಡುವ ದಾರಿ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನಾವು ಕಂಡಿದ್ದೇವೆ. ಬೆಂಗಳೂರಿನ ಯಾವುದಾದರೂ ಬಡಾವಣೆಯ ಪಾರ್ಕಿನ ಗೇಟಿನಲ್ಲಿ ನಿಂತು ಫಲಕ ಓದಿ. ಚೆಂಡಾಟ ನಿಷೇಧ, ಸೈಕಲ್ ನಿಷೇಧ, ಹುಲ್ಲಿನ ಮೇಲೆ ನಡೆಯಬಾರದು. ಎಷ್ಟೋ ಕಡೆ ಮಧ್ಯಾಹ್ನ ಬೀಗವೂ ಇರುತ್ತಿತ್ತು. ಒಳಗೆ ಇಟ್ಟಿಗೆ ಹಾಸಿನ ವಾಕಿಂಗ್ ಟ್ರ್ಯಾಕು, ಅದರ ಮೇಲೆ ಒಂದೇ ದಿಕ್ಕಿಗೆ ಸುತ್ತುವ ಜನ. ಕಾನೂನಿನ ಹೆಸರೇ ನೋಡಿ: 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆ. ಮೂರನ್ನೂ ಉಳಿಸಲೆಂದೇ ಬಂದ ಒಳ್ಳೆಯ ಕಾಯ್ದೆ. ಆದರೆ ಉದ್ಯಾನ ಬೇರೆ, ಆಟದ ಮೈದಾನ ಬೇರೆ ಎಂಬುದು ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಯಿತೆಂದರೆ, ಮೈದಾನವಿಲ್ಲದ ಬಡಾವಣೆಯ ಮಗುವಿಗೆ ಉದ್ಯಾನವೂ ಇಲ್ಲದಂತಾಯಿತು. ಅದು ವಾಪಸು ರಸ್ತೆಗೆ ಹೋಯಿತು. ರಸ್ತೆಯಲ್ಲಿ ಈಗ ಹಾಲಿನ ಸೈಕಲ್ಲಿಲ್ಲ, ಎಸ್‌ಯುವಿಗಳಿವೆ. ಅದು ಮನೆಯೊಳಗೆ ಬಂದು ಫೋನು ಹಿಡಿಯಿತು. ಈಗ ಫೋನು ಬಿಡಿಸಲು ಸಾವಿರಗಟ್ಟಲೆ ರೂಪಾಯಿಯ ಬೇಸಿಗೆ ಶಿಬಿರ.

ಇನ್ನು ಭಯದ ವಿಷಯ. ಅದು ಸುಳ್ಳು ಭಯ ಎಂದು ನಾನು ಹೇಳುವುದಿಲ್ಲ. ಕ್ಲಬ್ಬಿನವರು 'ಪ್ಲಾಸ್ಟಿಕ್ ತಾನೇ, ಏನಾಗುತ್ತದೆ' ಅನ್ನುವಾಗ ನನಗೆ ಸಿಟ್ಟು ಬರುತ್ತದೆ. ಇದು ಸಮುದ್ರ ತೀರದ ಮೆತ್ತನೆಯ ಫ್ರಿಸ್ಬಿ ಅಲ್ಲ. ಗಟ್ಟಿ ಪ್ಲಾಸ್ಟಿಕ್, 150ರಿಂದ 175 ಗ್ರಾಂ ತೂಕ. ದೂರ ಹೋಗಲೆಂದೇ ಮಾಡಿದ 'ಡ್ರೈವರ್' ಎಂಬ ತಟ್ಟೆಗಳ ಅಂಚು ಚೂಪು. ಪಳಗಿದ ಕೈಯಿಂದ ಹೊರಟರೆ ಗಂಟೆಗೆ 80 ಕಿಲೋಮೀಟರ್ ವೇಗ ದೊಡ್ಡದಲ್ಲ. ಅದು ಮಗುವಿನ ಮುಖಕ್ಕೆ ಬಡಿದರೆ ಏನಾದೀತೆಂದು ಯೋಚಿಸದವನಿಗೆ ಪಾರ್ಕಿನಲ್ಲಿ ಎಸೆಯುವ ಹಕ್ಕಿಲ್ಲ. ಮರಗಳಿಗೂ ಪೆಟ್ಟಿದೆ. ಎಸೆಯುವ ಜಾಗದ ಎದುರಿನ ಮರದ ತೊಗಟೆ ಏಟು ತಿಂದು ತಿಂದು ಸುಲಿಯುತ್ತದೆ. ಬುಟ್ಟಿಯ ಸುತ್ತ ಕಾಲ್ತುಳಿತಕ್ಕೆ ನೆಲ ಗಟ್ಟಿಯಾಗಿ ಹುಲ್ಲು ಸಾಯುತ್ತದೆ.

ಆದರೆ ಇವಕ್ಕೆಲ್ಲ ಮದ್ದಿದೆ, ದುಬಾರಿಯೂ ಅಲ್ಲ. ಮೊದಲನೆಯದಾಗಿ, ಈ ಅಂಗಳದಲ್ಲಿ ಡ್ರೈವರ್ ತಟ್ಟೆಗಳನ್ನು ನಿಷೇಧಿಸಿ. ಇಲ್ಲಿನ ಬುಟ್ಟಿಗಳೆಲ್ಲ 150ರಿಂದ 250 ಅಡಿಯೊಳಗಿವೆ. ಅಷ್ಟು ದೂರಕ್ಕೆ 'ಪಟರ್' ಮತ್ತು 'ಮಿಡ್‌ರೇಂಜ್' ಎಂಬ ದಪ್ಪ ಅಂಚಿನ, ನಿಧಾನದ ತಟ್ಟೆಗಳೇ ಸಾಕು. ಎರಡನೆಯದಾಗಿ, ಮೂರನೇ ಮತ್ತು ಏಳನೇ ಬುಟ್ಟಿಯ ಎಸೆತಗಳು ಕಾಲುದಾರಿಯನ್ನು ಹಾಯುತ್ತವೆ. ಅವೆರಡನ್ನೂ ಒಂದಿಷ್ಟು ತಿರುಗಿಸಿ, ದಾರಿಗೆ ಬೆನ್ನು ಹಾಕಿ ಎಸೆಯುವಂತೆ ಮಾಡಬಹುದು. ಮೂರನೆಯದಾಗಿ, ಪ್ರತಿ ಬುಟ್ಟಿಗೂ ನೆಲದಲ್ಲಿ ಎರಡೆರಡು ಗೂಡು ಕಟ್ಟಿ ಆಗಾಗ ಬದಲಿಸಿದರೆ ನೆಲಕ್ಕೆ ವಿಶ್ರಾಂತಿ ಸಿಗುತ್ತದೆ. ಎಷ್ಟೋ ಅಂಗಳಗಳಲ್ಲಿ ಹೀಗೆ ಮಾಡುತ್ತಾರೆ. ಮರದ ಚಕ್ಕೆ ಹರಡಿ, ಏಟು ಬೀಳುವ ಮರಗಳಿಗೆ ಕವಚ ಕಟ್ಟಿ. ನಾಲ್ಕನೆಯದು ಬೆಳಗಿನ ಎರಡು ಗಂಟೆ. ಹಿರಿಯರು ಹೆಚ್ಚಾಗಿ ನಡೆಯುವ ಹೊತ್ತಿನಲ್ಲಿ ಆಟ ಬೇಡ. ಇಷ್ಟಕ್ಕೂ ಆಗುವ ಖರ್ಚು ಹೊಸ ಅಂಗಳಕ್ಕೆ ಮರ ಕಡಿದು ನೆಲ ಸಮ ಮಾಡುವ ಖರ್ಚಿನ ಮುಂದೆ ಏನೂ ಅಲ್ಲ.

ಗಮನಿಸಿ, ಈ ನಾಲ್ಕರಲ್ಲೂ ಬಗ್ಗಬೇಕಾದವನು ಎಸೆಯುವವನೇ. ಅದು ಸರಿ ಕೂಡ. ಕೈಯಲ್ಲಿ ಪೆಟ್ಟು ಕೊಡುವ ವಸ್ತು ಇರುವವನೇ ಕಾಯಬೇಕು. ಕ್ಲಬ್ಬಿನ ಗೆಳೆಯರು ಇದಕ್ಕೆ ಮುಖ ಸಿಂಡರಿಸುತ್ತಾರೆ. 'ಡ್ರೈವರ್ ಇಲ್ಲದೆ ಆಟ ಎಂಥದ್ದು? ಅದು ಮಕ್ಕಳಾಟ' ಅನ್ನುತ್ತಾರೆ. ಹೌದು, ಮಕ್ಕಳಾಟವೇ. ದೊಡ್ಡ ಅಂಗಳ ಬೇಕಿದ್ದರೆ ಊರಾಚೆ ಮಾಡಿಕೊಳ್ಳಿ, ನಾನೂ ಒಮ್ಮೊಮ್ಮೆ ಬರುತ್ತೇನೆ. ಆದರೆ ಅದಕ್ಕೆ ಬೆಲೆಯಾಗಿ ಇಲ್ಲಿನ ಒಂಬತ್ತು ಬುಟ್ಟಿ ಕೊಡಲು ಅವೇನು ನಿಮ್ಮ ಆಸ್ತಿಯೇ? ನೀವು ದೊಡ್ಡ ಆಟಗಾರರಾದದ್ದೂ ಯಾವುದೋ ಚಿಕ್ಕ ಪಾರ್ಕಿನಲ್ಲಿ ಯಾರೋ ನಿಂತು ದಾರಿ ಬಿಟ್ಟಿದ್ದಕ್ಕೆ. ಹತ್ತಿದ ಏಣಿಯನ್ನು ಒದೆಯಬೇಡಿ.

ವಾಕಿಂಗ್‌ನವರಿಗೂ ಒಂದು ಪ್ರಶ್ನೆ. ಬುಟ್ಟಿ ಕಿತ್ತ ಮೇಲೆ ನಿಲ್ಲುತ್ತೀರಾ? ಮುಂದಿನ ವರ್ಷ ಸೈಕಲ್ಲು ಓಡಿಸುವ ಹುಡುಗರು ಕಾಲಿಗೆ ತಗಲುತ್ತಾರೆ. ಅದರ ಮುಂದಿನ ವರ್ಷ ಭಾನುವಾರದ ಟೆನಿಸ್ ಚೆಂಡು. ಆಮೇಲೆ ಪಿಕ್‌ನಿಕ್ ಮೇಜಿನ ಸುತ್ತ ಹಾಡು ಹಾಕಿಕೊಂಡು ಕೂರುವ ಕುಟುಂಬಗಳು. ಒಬ್ಬೊಬ್ಬರನ್ನೇ ಕಳಿಸುತ್ತಾ ಹೋದರೆ ಕಡೆಗೆ ಉಳಿಯುವುದು ಕೊಳದ ಸುತ್ತ ಒಂದು ಡಾಂಬರು ಪಟ್ಟಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಸುತ್ತುವ ನಾವು. ಆಗ ಬಜೆಟ್ ಕಡಿತ ಬಂದರೆ ಈ ಪಾರ್ಕಿಗಾಗಿ ಸಭೆಗೆ ಬಂದು ಜಗಳವಾಡುವವರು ಯಾರು? ಜನ ಹೆಚ್ಚು ಬಗೆಯಲ್ಲಿ ಬಳಸುವ ಪಾರ್ಕಿಗೆ ಹೆಚ್ಚು ಜನ ದಿಕ್ಕು. ಒಂದೇ ಬಗೆಯಲ್ಲಿ ಬಳಸುವ ಪಾರ್ಕು ಒಂದೇ ಮತದಿಂದ ಹೋಗುತ್ತದೆ.

ಪಾರ್ಕ್ ಡಿಸ್ಟ್ರಿಕ್ಟಿನ ಮುಂದಿನ ಸಭೆಯಲ್ಲಿ ಸಾರ್ವಜನಿಕರಿಗೆ ಮಾತಾಡಲು ತಲಾ ಮೂರು ನಿಮಿಷ. ನಾನು ಹೆಸರು ಕೊಟ್ಟಿದ್ದೇನೆ. ಸೈಕಲ್ಲಿನ ಹುಡುಗರಲ್ಲಿ ಇಬ್ಬರು ತಾವೂ ಬರುತ್ತೇವೆಂದಿದ್ದಾರೆ, ಅವರ ಅಮ್ಮಂದಿರು ಕರೆತರಲು ಒಪ್ಪಿದ್ದಾರೆ. ನಮ್ಮ ವಾಟ್ಸಾಪ್ ಗುಂಪಿನವರಲ್ಲಿ ನನ್ನ ಕೋರಿಕೆ ಇಷ್ಟೇ: ಸಹಿ ಹಾಕಿದ್ದರೆ ವಾಪಸು ತೆಗೆದುಕೊಳ್ಳಿ. 'ಬುಟ್ಟಿ ಕೀಳಿ' ಅನ್ನುವ ಬದಲು 'ಮೂರು ಮತ್ತು ಏಳನ್ನು ತಿರುಗಿಸಿ' ಎಂದು ಬರೆದು ಸಹಿ ಹಾಕಿ. ಅದಕ್ಕೆ ಮೊದಲ ಸಹಿ ನನ್ನದು. ಭಾನುವಾರ ಕ್ರಿಕೆಟ್ ಮುಗಿದ ಮೇಲೆ ಕಿಟ್ ಹೆಗಲಿಗೇರಿಸಿ ಹೊರಡುವ ಮುನ್ನ ಒಮ್ಮೆ ಮೊದಲ ಬುಟ್ಟಿಯ ಕಡೆ ಬನ್ನಿ. ನನ್ನ ಚೀಲದಲ್ಲಿ ನಾಲ್ಕು ಪಟರ್ ಹೆಚ್ಚಿಗೆ ಇರುತ್ತವೆ.